ಗೋಡೆಗುಂಟ ಮೂವತ್ತೊಂದು ತುಂಡು

ಭವಾನಿ ಪೇಠ, ಪುಣೆ
೧೮ ಫೆಬ್ರವರಿ ೧೯೪೩

ಚನ್ನಬಸವ್ವನಿಗೆ ಅತ್ತಿಗೆ ಪಾರವ್ವನ ಆಶೀರ್ವಾದ.

ಲಕೋಟೆಯ ಮೇಲೆ ನಿನ್ನ ಹೆಸರಿಗೆ ಮುಂಚೆ ನಾನು ಏನೂ ಬರೆದಿಲ್ಲ. ಈ ಊರಿನ ರೂಢಿಯಂತೆ ವಿಧವೆಯ ಹೆಸರಿಗೆ ಮುಂಚೆ 'ಗಂ. ಭಾ.' ಎಂದು ಹಾಕಬೇಕು. ಗಂಗಾಭಾಗೀರಥಿ ಎಂದು ಕರೆದು ಗೌರವಿಸುವುದಂತೆ. ನಿನ್ನ ಅಣ್ಣ ಗುಮಾಸ್ತನಿಂದ ಬರೆಸುವ ಕಾಗದಗಳಲ್ಲೆಲ್ಲ ಅದು ಇದ್ದೇ ಇರುತ್ತದೆ. ನಾನು ಇಂಗ್ಲಿಷ್ ಆರನೆಯ ಇಯತ್ತೆಯವರೆಗೆ ಓದಿದವಳು. ಕಾಗದಕ್ಕೆ ಏನು ಬೇಕು, ಏನು ಬೇಡ ಎಂಬುದನ್ನು ಇನ್ನೊಬ್ಬರಿಂದ ಕಲಿಯಬೇಕಾಗಿಲ್ಲ. ಚನ್ನಬಸವ್ವ ಎಂದಷ್ಟೇ ಬರೆದರೂ ಇಂದಾಪುರದಲ್ಲಿ ಅದು ನಿನಗೇ ಮುಟ್ಟುತ್ತದೆ.

ನಿನ್ನ ಕಾಗದ ಸೋಮವಾರ ಬಂತು. "ಯುಗಾದಿಯೊಳಗ ಮನಿಗೆ ಬಾ ಅಂತ ಅಣ್ಣ ಬರದಾನ್ರಿ. ದವಾಖಾನಿ ಡಾಕ್ಟರಬಾಯಾರು ಇಲ್ಲೇ ಕಾಯಂ ಇರು ಅಂತಾರ. ನೀವು ಬಾ ಅಂದ್ರ ಬರತೀನ್ರಿ ವೈನಿ, ಇರು ಅಂದ್ರ ಇರತೀನಿ" ಎಂದು ಬರೆದಿದ್ದೀ. ಮೊದಲು ಇದನ್ನು ತಿಳಿದುಕೋ: ನಿನ್ನ ಅಣ್ಣ ಆ ಕಾಗದವನ್ನು ನನಗೆ ಹೇಳದೆ ಹಾಕಿದ್ದು. ನಲವತ್ತೆರಡು ವರ್ಷದ ಸಂಸಾರದಲ್ಲಿ ಇಂಥ ಕೆಲಸ ಇದೇ ಮೊದಲು. ಇದೇ ಕೊನೆಯೂ ಹೌದು. ನಿನ್ನ ಪ್ರಶ್ನೆಗೆ ಉತ್ತರ ಕೊಡುತ್ತೇನೆ. ಆದರೆ ಮೊದಲೇ ಕೊಟ್ಟರೆ ನೀನು ಉಳಿದದ್ದನ್ನು ಓದದೆ ಕಾಗದ ಮಡಚಿಟ್ಟು ಗರಗಸ ಹಿಡಿಯುತ್ತೀ. ಆದ್ದರಿಂದ ಸಮಾಧಾನದಿಂದ ಕುಳಿತು ಓದು.

ಈ ಮನೆ ಕಟ್ಟಿಸಿದ ವರ್ಷ ನೆನಪಿದೆಯೇ? ಅದರ ಹಿಂದಿನ ವರ್ಷವೇ ನೀನು ಗಂಡನನ್ನು ಕಳೆದುಕೊಂಡು ಒಂದು ಟ್ರಂಕು ಹಿಡಿದು ಅಣ್ಣನ ಮನೆಗೆ ಬಂದಿದ್ದೆ. ಯಾರೊಡನೆಯೂ ಮಾತಿಲ್ಲ. ಸೋಲಾಪುರದ ಕಡೆಯ ಮಾರ್ತಾಂಡ ಮೇಸ್ತ್ರಿ ಬಡಗಿ ಕೆಲಸ ಹಿಡಿದಿದ್ದ. ಉಳಿದ ಕಟ್ಟಿಗೆಯಲ್ಲಿ ಮೊಳಕ್ಕಿಂತ ಗಿಡ್ಡದ್ದು ಬಡಗಿಯದು, ಮೊಳ ತುಂಬಿದ್ದು ಮನೆಯವರದು ಎಂದು ಮಾತಾಗಿತ್ತು. ಯಾರ ಮೊಳ ಎಂಬುದು ಮಾತಾಗಿರಲಿಲ್ಲ. ಕೆಲಸ ಮುಗಿದ ದಿನ ಆ ಎತ್ತರದ ಮನುಷ್ಯ ತನ್ನ ಕೈ ಚಾಚಿ ಅಳೆಯತೊಡಗಿದ. ತುಂಡುಗಳೆಲ್ಲ ಗಿಡ್ಡವಾಗಿ ಅವನ ಗಾಡಿಗೇ ಹೋಗತೊಡಗಿದವು. ನಾನು ಕುರ್ಚಿ ಹಾಕಿಸಿಕೊಂಡು ಕುಳಿತು, ನನ್ನ ಮೊಳದಿಂದ ಅಳೆಯಬೇಕೆಂದೆ. ಆಗ ನೀನು ಕಂಬದ ಹಿಂದಿನಿಂದ ಬಂದು, "ವೈನಿ, ನನ್ನ ಕೈ ನಿಮ್ಮದಕಿಂತ ಗಿಡ್ಡ ಅದ. ನನ್ನ ಮೊಳದಲೆ ಅಳೀರಿ" ಎಂದೆ. ಮಾರ್ತಾಂಡ ಹಣೆ ಬಡಿದುಕೊಂಡು, "ಅದಕಿಂತ ತೊಟ್ಟಲದಾಗಿನ ಕೂಸಿನ ಕೈ ಹಿಡದು ಅಳೀರಲ್ಲ ಬಾಯಾರ! ನನ್ನ ಪಾಲಿಗೆ ಬರೇ ಹೊಟ್ಟು ಉಳೀತದ" ಎಂದ. ಬಡಗಿಗಳೆಲ್ಲ ನಕ್ಕರು. ಕೂಲಿಯವರ ಎದುರು ನಗುವ ರೂಢಿ ನನಗಿಲ್ಲ, ಅಂದು ನಕ್ಕೆ.

ನಿನ್ನ ಮೊಳದಿಂದ ಅಳೆದು ಎರಡು ಗಾಡಿ ತುಂಡು ಗೆದ್ದೆವು. ಅವನ್ನು ಸ್ನಾನದ ನೀರು ಕಾಯಿಸುವ ತಾಮ್ರದ ಬಂಬಿಗೆ ಹಾಕಬೇಕೆಂದು ನಾನು ಅಪ್ಪಣೆ ಮಾಡಿದೆ. ಬೇರೆಯವರು ಕಸಕಡ್ಡಿ ಉರಿಸುತ್ತಾರೆ, ನಮ್ಮ ಮನೆಯಲ್ಲಿ ಸಾಗವಾನಿ ಉರಿಯುತ್ತದೆ ಎಂದು ಪೇಠೆಯವರು ಅನ್ನಲಿ ಎಂಬ ಆಸೆ ಇತ್ತು. ಈಗ ಒಪ್ಪಿಕೊಳ್ಳುತ್ತೇನೆ.

ಬೆಳಗ್ಗೆ ಬಂಬು ಹೊತ್ತಿಸುವುದು ನಿನ್ನ ಪಾಲಿನ ಕೆಲಸ. ನಾಲ್ಕು ತಿಂಗಳಲ್ಲಿ ಮೆಟ್ಟಿಲ ಕೆಳಗಿನ ರಾಶಿ ಅರ್ಧವಾಗಿತ್ತು, ಆದರೆ ಬಂಬಿನ ಬೂದಿ ನೋಡಿದರೆ ಸೆಗಣಿ ಕುಳ್ಳಿನ ಬೂದಿ. ಸೊಸೆಯಂದಿರ ಎದುರಿಗೇ ಕೇಳಿದೆ: "ಕಟ್ಟಿಗಿ ಎಲ್ಲಿ ಹೋತು? ಯಾರಿಗೆ ಮಾರಿದಿ?" ನೀನು ಅಳಲಿಲ್ಲ, ಸಿಟ್ಟಾಗಲಿಲ್ಲ. ದೀಪ ಹಿಡಿದು ಅಟ್ಟಕ್ಕೆ ಕರೆದುಕೊಂಡು ಹೋದೆ. ಅಲ್ಲಿ ಸಾಗವಾನಿ ಒಂದು ಕಡೆ, ಬೇವು ಒಂದು ಕಡೆ, ಜಾಲಿ ಒಂದು ಕಡೆ ಒಟ್ಟಿದ್ದವು. ಬಿರಿಯಬಾರದೆಂದು ಪ್ರತಿ ತುಂಡಿನ ಎರಡೂ ತುದಿಗೆ ಸೆಗಣಿ ಸವರಿದ್ದೆ. "ಉರದ್ರ ಒಂದು ದಿನದ ನೀರು ಕಾಯತಾವರಿ. ಇದ್ರ ಮುಂದ ಏನರೆ ಆಗತಾವ" ಎಂದೆ.

ತಪ್ಪಾಯಿತು ಎಂದು ನಾನು ಹೇಳಬೇಕಾಗಿತ್ತು. "ಅಟ್ಟದಾಗ ಇಲಿ ಆಗತಾವ" ಎಂದು ಹೇಳಿ ಇಳಿದು ಬಂದೆ. ಆ ಮಾತು ಎಂಟು ವರ್ಷದಿಂದ ಬಾಕಿ ಇದೆ. ಚನ್ನಬಸವ್ವ, ಅಂದು ನಾನು ತಪ್ಪಿದೆ. ನಿನ್ನನ್ನು ಕಳ್ಳಿ ಎಂದದ್ದು ಎಲ್ಲರೂ ಕೇಳಿದ್ದಾರೆ, ಆದ್ದರಿಂದ ಈ ಕಾಗದವನ್ನು ಅಂಚೆಗೆ ಹಾಕುವ ಮೊದಲು ಸೊಸೆಯಂದಿರನ್ನು ಕೂಡಿಸಿ ಈ ಸಾಲುಗಳನ್ನು ಗಟ್ಟಿಯಾಗಿ ಓದುತ್ತೇನೆ.

ಆಮೇಲೆ ಮಾರ್ತಾಂಡ ಕಿಟಕಿ ಸರಿಮಾಡಲು ಬಂದಾಗಲೆಲ್ಲ ನೀನು ಅಕ್ಕಿ ಆರಿಸುವ ನೆಪದಲ್ಲಿ ಎದುರಿಗೆ ಕುಳಿತು ಅವನ ಕೈ ನೋಡುತ್ತಿದ್ದೆ. ಅವನು ಒಂದು ಹಳೆಯ ಗರಗಸ, ಎರಡು ಉಳಿ ಬಿಟ್ಟುಹೋದ. ಅವುಗಳಿಂದ ನೀನು ಮಣೆ ಮಾಡಿದೆ, ಉಪ್ಪಿನ ಮರಿಗೆ ಮಾಡಿದೆ. ನಾನು ನೋಡಿಯೂ ನೋಡದ ಹಾಗೆ ಇದ್ದೆ.

ನಂತರ ನಾನು ಬಚ್ಚಲಿನ ಕಲ್ಲುಫರಸಿಯ ಮೇಲೆ ಜಾರಿ ಬಿದ್ದು ತೊಡೆಯ ಎಲುಬು ಮುರಿದುಕೊಂಡೆ. ಡಾಕ್ಟರ್ ಕೃಷ್ಣಾಬಾಯಿ ಮೂರು ತಿಂಗಳು ಮನೆಗೇ ಬಂದು ನೋಡಿದರು. ಎಲುಬು ಕೂಡಿತು, ಕಾಲಿಗೆ ಬಲ ಬರಲಿಲ್ಲ. ಹಿತ್ತಲಿನ ಪಾಯಖಾನೆಗೆ ಹೋಗಬೇಕಾದರೆ ಹಿರಿಯ ಮಗ ಮುರುಗೆಪ್ಪ ನನ್ನನ್ನು ಕೂಸಿನಂತೆ ಎತ್ತಿಕೊಂಡು ಹೋಗಬೇಕು, ಹೊರಗೆ ನಿಂತು ಕಾಯಬೇಕು, ಮತ್ತೆ ಎತ್ತಿಕೊಂಡು ಬರಬೇಕು. ಈ ಮನೆಯಲ್ಲಿ ನನ್ನ ಹೆಜ್ಜೆಯ ಸಪ್ಪಳಕ್ಕೆ ಅಡುಗೆಮನೆಯ ಮಾತು ನಿಲ್ಲುತ್ತಿತ್ತು. ಅಂಥವಳನ್ನು ಮಗ ಎತ್ತಿಕೊಂಡು ಹೋಗುವಾಗ ಸೊಸೆಯಂದಿರು ಮರ್ಯಾದೆಗೆ ಮುಖ ತಿರುಗಿಸುತ್ತಿದ್ದರು. ಆ ಮರ್ಯಾದೆಯನ್ನು ನನ್ನಿಂದ ತಾಳಲಾಗಲಿಲ್ಲ.

ನಾನು ಊಟ ಕಡಿಮೆ ಮಾಡಿದೆ. ಮಧ್ಯಾಹ್ನದ ಮೇಲೆ ನೀರು ಮುಟ್ಟುತ್ತಿರಲಿಲ್ಲ. ಹಸಿವಿಲ್ಲ ಎಂದೆ, ಎಲ್ಲರೂ ನಂಬಿದರು. ಡಾಕ್ಟರಬಾಯಿಯೂ ಔಷಧ ಬದಲಿಸಿದರೇ ಹೊರತು ಅವರಿಗೆ ಕಾರಣ ತಿಳಿಯಲಿಲ್ಲ. ತಿಳಿದದ್ದು ನಿನಗೊಬ್ಬಳಿಗೆ. ತಿಳಿದೂ ತಿನ್ನಿರಿ ಎಂದು ಕಾಡಲಿಲ್ಲ. ಒಂದು ಮಧ್ಯಾಹ್ನ ದಾರ ಹಿಡಿದು ಬಂದು ನನ್ನ ತೋಳು ಅಳೆದೆ, ಗೋಡೆಗೆ ಆನಿಸಿ ನಿಲ್ಲಿಸಿ ನೆಲದಿಂದ ಅಂಗೈವರೆಗೂ ಅಳೆದೆ. ಏನಿದು ಎಂದರೆ, "ಕುಬಸ ಹೊಲಿಯಾಕರಿ" ಎಂದೆ.

"ಕುಬಸ ನೆಲದ ತನಕ ಬರತದೇನು?" ಎಂದು ನಾನು ಕೇಳಿದೆ. "ಹೊಸಾ ನಮೂನಿ ಅದರಿ ವೈನಿ" ಎಂದು ಹೇಳಿ ಓಡಿಹೋದೆ.

ಮರುದಿನದಿಂದ ಗರಗಸದ ಸಪ್ಪಳ ಶುರುವಾಯಿತು. ಮಲಗಿದಲ್ಲಿಂದಲೇ, "ಇದೇನು ಬಡಿಗೇರ ಮನಿ ಆತೇನು? ಮಂದಿ ಏನಂದಾರು?" ಎಂದು ಕೂಗಿದೆ. ನಿನ್ನ ಅಣ್ಣನೂ ಬೈದರು. ನೀನು ಹನ್ನೆರಡು ದಿನ ನಿಲ್ಲಿಸಲಿಲ್ಲ. ಆಮೇಲೆ ಒಂದು ದಿನ ಗೋಡೆಗೆ ತೂತು ಹಾಕಿ ಗೂಟ ಜಡಿದು, ಸುಣ್ಣದ ಗಾರೆ ತುಂಬಿ, ನನ್ನ ಮಂಚದ ತಲೆದಿಂಬಿನಿಂದ ಹಿತ್ತಲ ತನಕ ಗೋಡೆಗುಂಟ ಕೈಹಿಡಿಕೆ ಕೂಡಿಸಿದೆ. ಮೂವತ್ತೊಂದು ತುಂಡು, ಎಷ್ಟೋ ಸಲ ಎಣಿಸಿದ್ದೇನೆ. ಒಳಕೋಣೆಯಲ್ಲಿ ಸಾಗವಾನಿ, ನಡುಮನೆಯಲ್ಲಿ ಬೇವು, ಮಳೆ ನೀರು ಸಿಡಿಯುವ ಹಿತ್ತಲಲ್ಲಿ ಜಾಲಿ. ತುಂಡಿಗೆ ತುಂಡು ಓರೆಯಾಗಿ ಕೂಡಿಸಿ, ಒಡೆದ ಗಾಜಿನಿಂದ ಹೆರೆದು, ಅಗಸೆ ಎಣ್ಣೆ ತಿಕ್ಕಿದ್ದೆ. ಹೋಗುವಾಗಲೂ ಬರುವಾಗಲೂ ಅಂಗೈಗೆ ಒಂದು ಸಿಬಿರೂ ತಾಗುವುದಿಲ್ಲ. ಬಾಗಿಲು ಬಂದಲ್ಲಿ ಹಿಡಿಕೆ ತುಂಡಾಗಲೇಬೇಕು. ಅಲ್ಲಿ ಆಚೆ ಈಚೆ ಎರಡು ನಿಲುವು ಹಿಡಿ ಹಚ್ಚಿದ್ದೆ. ಒಂದನ್ನು ಬಿಡುವ ಮೊದಲೇ ಇನ್ನೊಂದು ನನ್ನ ಕೈಗೆ ಸರಿಯಾಗಿ ಸಿಗುತ್ತದೆ. ಕುಬಸದ ಅಳತೆಯ ಅರ್ಥ ಆಗ ಆಯಿತು. ದೊಡ್ಡ ದೊಡ್ಡ ಬಡಗಿಗಳು ಮನೆಯ ಅಳತೆ ಹಿಡಿದು ಕೆಲಸ ಮಾಡುತ್ತಾರೆ, ನೀನು ಮನುಷ್ಯರ ಅಳತೆ ಹಿಡಿದಿದ್ದೆ.

ಇಷ್ಟೇ ಆಗಿದ್ದರೆ ಜಾಣ ಕೈ ಎಂದು ಹೊಗಳಿ ಸುಮ್ಮನಾಗುತ್ತಿದ್ದೆ. ಗಾರೆ ಒಣಗಿದ ಮೇಲೆ ನೀನು ಮಾಡಿದ್ದನ್ನು ನಾನು ಮರೆಯುವುದಿಲ್ಲ. ಸೋಮವಾರ, ಶಿವನ ದರ್ಶನ ಎಂದು ನೆಪ ತೆಗೆದು ಮನೆಮಂದಿಯನ್ನೆಲ್ಲ ಪರ್ವತಿ ಗುಡ್ಡಕ್ಕೆ ಹೊರಡಿಸಿದೆ. ಕೆಲಸದ ರುದ್ರವ್ವನನ್ನು ಹೊರಗಿನ ಕಟ್ಟೆಯ ಮೇಲೆ ಕೂಡಿಸಿ, "ಕರದ್ರ ಅಷ್ಟ ಒಳಗ ಹೋಗು, ಇಲ್ಲಾಂದ್ರ ಇಣಕಿನೂ ನೋಡಬ್ಯಾಡ" ಎಂದು ಹೇಳಿದ್ದು ನನಗೆ ಕೇಳಿಸಿತು. ನಂತರ ನೀನೂ ಅವರ ಜೊತೆ ಹೋದೆ. ಹನ್ನೆರಡು ದಿನ ಕೈಗೆ ಬೊಕ್ಕೆ ಬರಿಸಿಕೊಂಡು ಮಾಡಿದ ಕೆಲಸ ನಡೆಯುತ್ತದೋ ಇಲ್ಲವೋ ನೋಡಲು ನಿಲ್ಲದೆ ಹೋದೆ. ನಾನು ತಡವರಿಸುವುದನ್ನು ಯಾರೂ ನೋಡಬಾರದು, ನೀನೂ ನೋಡಬಾರದು ಎಂದು.

ಅಂದು ನಾನು ಮೂರು ಸಲ ಹಿತ್ತಲಿಗೆ ಹೋಗಿ ಬಂದೆ. ಎರಡನೆಯ ಮತ್ತು ಮೂರನೆಯ ಸಲ ಹೋಗುವ ಅಗತ್ಯವೇನೂ ಇರಲಿಲ್ಲ. ಸಂಜೆ ನೀವು ಬಂದಾಗ ಎಲ್ಲರೂ ನನ್ನ ಮುಖ ನೋಡಿದರು. ನೀನು ಮಾತ್ರ ಚಪ್ಪಲಿ ಕಳಚುತ್ತ, "ಗುಡ್ಡದ ಮ್ಯಾಲ ಭಾಳ ಗಾಳಿ ಇತ್ತರಿ ವೈನಿ" ಎಂದೆ. "ನನಗ ಎರಡು ರೊಟ್ಟಿ ಹಚ್ಚು. ದೊಡ್ಡ ತಂಬಿಗಿ ತುಂಬ ನೀರು ಇಡು" ಎಂದೆ ನಾನು. ನಮ್ಮಿಬ್ಬರ ನಡುವೆ ಅದರ ಬಗ್ಗೆ ಆದ ಮಾತು ಅಷ್ಟೇ.

ಆ ಹಿಡಿಕೆ ನೋಡಿಯೇ ಕೃಷ್ಣಾಬಾಯಿ, "ಇದರ ಬಡಗಿ ಯಾರು?" ಎಂದು ಕೇಳಿದ್ದು. ಇಂದಾಪುರದಲ್ಲಿ ಹೆಂಗಸರಿಗೆಂದು ಹದಿನಾಲ್ಕು ಹಾಸಿಗೆಯ ದವಾಖಾನೆ ತೆರೆದಾಗ ನಿನ್ನನ್ನು ಒಂದು ತಿಂಗಳಿಗೆಂದು ಕೇಳಿದರು; ಒಂದು ತಿಂಗಳು ಆರಾಯಿತು. ಈಗ ಯುದ್ಧಕಾಲ. ಕಟ್ಟಿಗೆ ಮಿಲಿಟರಿಗೆ ಹೋಗುತ್ತದೆ, ಮೊಳೆ ಸಿಗುವುದಿಲ್ಲ. ನೀನು ಚಹದ ಪೆಟ್ಟಿಗೆಯ ಹಲಗೆಗಳಿಂದ ಬಾಣಂತಿಯರಿಗೆ ಒರಗುವ ಹಲಗೆ ಮಾಡುತ್ತೀ, ಮುರಿದ ಬಂಡಿಯ ನೊಗದಿಂದ ಊರುಗೋಲು ಮಾಡುತ್ತೀ ಎಂದು ಅವರು ಬರೆದಿದ್ದಾರೆ. ಹೊಲದ ಕೆಲಸದ ಹೆಂಗಸೊಬ್ಬಳು ನಿನ್ನ ಹಿಡಿಕೆ ಹಿಡಿದು ಎದ್ದು ನಿಂತು ನಿನಗೆ ಕೈಮುಗಿದಳಂತೆ. ನೀನು ಗೂಟ ಸಡಿಲವಾಗಿದೆಯೋ ಎಂದು ಬಗ್ಗಿ ನೋಡುತ್ತಿದ್ದೆಯಂತೆ. ಓದಿ ನಕ್ಕೆ. ಅದು ನೀನೇ ಸರಿ.

ನಿನ್ನ ಕಾಗದ ಬಂದ ಸಂಜೆಯೇ ನಿನ್ನ ಅಣ್ಣನ ಜೊತೆ ಮಾತಾಡಿದೆ. ಅಣ್ಣನ ಮನೆ ಇರುವಾಗ ಹೆಣ್ಣುಮಗಳು ಪರಊರಲ್ಲಿ ಕಟ್ಟಿಗೆ ಕೊಯ್ದರೆ ನಾಲ್ಕು ಮಂದಿ ಏನಂದಾರು ಎಂದರು. ಆ ನಾಲ್ಕು ಮಂದಿಯ ಹೆಸರು ಹೇಳಿರಿ, ಒಬ್ಬೊಬ್ಬರ ಮನೆಗೂ ನಾನೇ ಟಾಂಗಾ ಮಾಡಿಕೊಂಡು ಹೋಗಿ ಕೇಳಿ ಬರುತ್ತೇನೆ ಎಂದೆ.

ಇನ್ನು ನನ್ನ ಉತ್ತರ. ನೀನು ಇಲ್ಲಿದ್ದರೆ ನನಗೆ ಸುಖ. ಈ ಮನೆಯಲ್ಲಿ ನನಗೆ ಎದುರು ಮಾತಾಡಿ ನಗಿಸುವವಳು ಇನ್ನೊಬ್ಬಳಿಲ್ಲ. ಅಷ್ಟು ಸಾಕು ಎಂದು ನಿನ್ನನ್ನು ಕರೆಸಿದರೆ, ನೀರು ಕಾಯಿಸಲು ಸಾಗವಾನಿ ಉರಿಸಿದವಳೇ ಆಗುತ್ತೇನೆ. ಇರು. ಅಲ್ಲೇ ಇರು.

ಬರಿಯ ಮಾತಿನಿಂದ ನೀನು ನಂಬುವವಳಲ್ಲ. ನನ್ನ ಮೇಲಿನ ಮರುಕಕ್ಕೆ ಬಿದ್ದು ಯುಗಾದಿಯ ಹೊತ್ತಿಗೆ, ಪೆಟ್ರೋಲಿಲ್ಲದೆ ಇದ್ದಿಲ ಗ್ಯಾಸಿನಿಂದ ಓಡುವ ಆ ಬಸ್ಸು ಹತ್ತಿ ಬಂದರೂ ಬಂದೀಯೆ. ಅದಕ್ಕೆ ಮಾಡಬೇಕಾದದ್ದನ್ನು ಮಾಡಿದ್ದೇನೆ. ಮೊಮ್ಮಗಳು ಶಾಮಲಾ ಬರುವ ವರ್ಷ ಮ್ಯಾಟ್ರಿಕ್‌ಗೆ ಕೂಡುವವಳು, ಓದಲು ಜಾಗವಿಲ್ಲವೆಂದು ಅಳುತ್ತಿದ್ದಳು. ನಿನ್ನ ಕೋಣೆಯನ್ನು ಅವಳಿಗೆ ಕೊಟ್ಟೆ. ನಿನ್ನೆಯೇ ಪುಸ್ತಕ, ಹಾಸಿಗೆ, ಗೋಡೆಯ ನಕಾಶೆ ಎಲ್ಲ ಅಲ್ಲಿಗೆ ಹೋದವು. ಹೀಗಾಗಿ ತಿರುಗಿ ಬಂದು ಇರುತ್ತೇನೆಂದರೆ ಈ ಮನೆಯಲ್ಲಿ ನಿನಗೆ ಕೋಣೆಯಿಲ್ಲ. ನಾಲ್ಕು ದಿನಕ್ಕೆ ತವರಿಗೆ ಬರುವ ಹೆಣ್ಣುಮಗಳಂತೆ ಬಾ. ನನ್ನ ಮಂಚದ ಪಕ್ಕದಲ್ಲಿ ನಿನ್ನ ಹಾಸಿಗೆ ನಾನೇ ಹಾಸುತ್ತೇನೆ.

ನಿನ್ನ ಕೈಗಳು ನೂರು ವರ್ಷ ಗಟ್ಟಿಯಾಗಿರಲಿ, ನಿನ್ನ ಹೆಸರು ಅಲ್ಲಿ ಬೆಳೆಯಲಿ ಎಂದು ಹರಸುವ

ನಿನ್ನ ವೈನಿ,
ಪಾರವ್ವ