ಸಾರವ್ವ ಕೊಟ್ಟ ಭತ್ತ

ಸಾರವ್ವಾ,

ನಿನ್ನ ಹೊಟ್ಟೆಯಲ್ಲಿ ಹುಟ್ಟದಿದ್ದರೂ ನಿನ್ನನ್ನು ಅವ್ವಾ ಎಂದು ಕರೆಯುತ್ತಿದ್ದ ಮಾಸ್ತರು ಬರೆಯುತ್ತಿದ್ದೇನೆ. ನಿನಗೆ ಓದು ಬರುತ್ತಿರಲಿಲ್ಲ. ಸತ್ಯವೇದವನ್ನು ನಾನೇ ಓದಿ ಹೇಳುತ್ತಿದ್ದೆ. ನನ್ನ ಬಾಯಿಂದ ಬಂದದ್ದೆಲ್ಲ ನಿಜವೆಂದೇ ನೀನು ತಿಳಿದಿದ್ದೆ. ಇದನ್ನು ಯಾರು ಓದಿ ಹೇಳುತ್ತಾರೋ...

ಸ್ವಾತಂತ್ರ್ಯ ಬಂದ ಮರುವರ್ಷದ ಸುಗ್ಗಿ ನೆನಪಿದೆಯೇ? ಹಳ್ಳಿಯ ಉಪದೇಶಿಗಳಿಗೆ ಇನ್ನು ಸಂಬಳ ಕೊಡಲಾಗದು, ಆಯಾ ಊರಿನ ಕ್ರೈಸ್ತ ಸಭೆಯೇ ನೋಡಿಕೊಳ್ಳಬೇಕು ಎಂದು ಮಿಷನ್ನಿನವರು ತಿಳಿಸಿದ್ದರು. ಕರೂರಿನ ಸಭೆಯೆಂದರೆ ಗದ್ದೆ ಕೂಲಿಯ ಹನ್ನೊಂದು ಮನೆ. ವಾರವೆಲ್ಲ ಮಕ್ಕಳಿಗೆ ಪಾಠ, ಭಾನುವಾರ ದೊಡ್ಡವರಿಗೆ ಉಪದೇಶ, ಎರಡೂ ನನ್ನದೇ. ಸುಗ್ಗಿಯ ಭಾನುವಾರ ಒಂದು ಗಂಟೆ ಮಾತಾಡಿದೆ. ನಾಳೆಯ ಊಟಕ್ಕೆ ಇಂದೇ ಹೆದರಬಾರದು, ಮನೆಯ ಮಡಕೆ ತುಂಬಿದೆಯೆಂದು ನೆಚ್ಚಬಾರದು, ದೇವರ ಕೈಯನ್ನೇ ನೆಚ್ಚಬೇಕು ಎಂದೆ.

ಆರಾಧನೆ ಮುಗಿದ ಮೇಲೆ ನೀನು ಬಾಗಿಲಲ್ಲಿ ತಡೆದು ಕೇಳಿದೆ: “ಮಾಸ್ತರ್ರೇ, ಸಂಬ್ಳ ನಿಂತೈತಂತ. ನೀವು ಬಿಟ್ಟು ಹೋಗಾಕ ಹತ್ತೀರಂತ ಮಂದಿ ಅಂತಾರ. ಖರೇ ಏನ್ರಿ?”

“ಎಲ್ಲಿಗೂ ಹೋಗಂಗಿಲ್ಲವ್ವಾ. ದೇವರು ನಡಸ್ತಾನ” ಎಂದೆ.

ಸಂಜೆ ನೀನು ಭತ್ತದ ಚೀಲ ಹೊತ್ತು ತಂದೆ. ಸುಗ್ಗಿಯುದ್ದಕ್ಕೂ ಕೊಯ್ದು ಕೂಲಿಯಾಗಿ ಪಡೆದ ಭತ್ತ. ಗದ್ದೆಯಲ್ಲಿ ಕೆಲಸವಿಲ್ಲದ ಬೇಸಿಗೆಗೆ ಅದೇ ನಿನ್ನ ಊಟ. ಪಕ್ಕದ ಮನೆಯ ಮರಿಯಮ್ಮ ಬೆನ್ನಿಗೇ ಬಂದಳು.

“ಲೇ ಸಾರಿ, ಮಾಸ್ತರು ದೇವ್ರನ್ನ ನಂಬ್ಯಾರ, ನೀ ಮಾಸ್ತರನ್ನ ನಂಬೀದಿ. ನಿನ್ನ ಹೊಟ್ಟಿ ಯಾರನ್ನ ನಂಬಬೇಕಲೇ?”

“ನಿನ್ನ ಗಡಿಗಿ ನಂಬಿ ಇಲಿ ಅದಾವಲ್ಲ, ಸುಮ್ಕಿರು” ಎಂದು ನೀನು ನಕ್ಕೆ. ನಾನೂ ನಕ್ಕೆ. ಚೀಲವನ್ನು ಒಳಗಿಟ್ಟುಕೊಂಡೆ.

ಬಳ್ಳಾರಿಯ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತನಾಗಿ ಸೇರಬೇಕೆಂಬ ಹುಕುಂ ನನ್ನ ಕೈ ಸೇರಿ ಆಗಲೇ ನಾಲ್ಕು ದಿನವಾಗಿತ್ತು, ಅವ್ವಾ. ಖಾಯಂ ಕೆಲಸ, ಕೊನೆಗೆ ಪಿಂಚಣಿ. ಉಪದೇಶ ಮಾಡುವಾಗ ಅದು ನನ್ನ ಅಂಗಿಯ ಜೇಬಿನಲ್ಲೇ ಇತ್ತು. ಹೇಳಬಹುದಿತ್ತಲ್ಲವೇ? ಹೇಳಿದ್ದರೆ ನೀವು ಬೇಡವೆನ್ನುತ್ತಿದ್ದಿರೇ? ನಿಮ್ಮೆಲ್ಲರ ಕಣ್ಣಲ್ಲಿ ನಂಬಿಕೆಯ ಮನುಷ್ಯನಾಗಿ ಇನ್ನೂ ಕೆಲವು ದಿನ ಇರಬೇಕೆನಿಸಿತು, ಅಷ್ಟೆ.

ಹೊರಡುವ ದಿನದವರೆಗೂ ನಿನ್ನ ಭತ್ತವನ್ನೇ ಕುಟ್ಟಿಸಿ ಉಂಡೆ. ಆಸ್ಪತ್ರೆಯಲ್ಲಿ ಕಣ್ಣು ತೋರಿಸಿಕೊಂಡು ಎಂಟು ದಿನಕ್ಕೆ ಬರುತ್ತೇನೆಂದು ನಿಮಗೆಲ್ಲ ಹೇಳಿ ಸಿರುಗುಪ್ಪದ ಬಸ್ಸು ಹತ್ತಿದೆ. ಉಳಿದ ಭತ್ತವನ್ನು ಹಿಂದಕ್ಕೆ ಕೊಟ್ಟರೆ ಗುಟ್ಟು ತಿಳಿಯುತ್ತದೆಂದು ಅದನ್ನೂ ಒಳಗಿಟ್ಟು ಬೀಗ ಹಾಕಿದೆ.

ಹೋದ ವಾರ ಇಲ್ಲಿ ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ ಮರಿಯಮ್ಮ ಎದುರಾದಳು. ನೀನು ತೀರಿಕೊಂಡು ಎರಡು ವರ್ಷವಾಯಿತೆಂದು ಆಗಲೇ ತಿಳಿದದ್ದು. ನಾನು ಊರು ಬಿಟ್ಟ ಆ ಬೇಸಿಗೆ ಸಾರವ್ವ ಏನು ಉಂಡಳು ಎಂದು ಕೇಳಿದೆ.

“ನಾನಿದ್ನಲ್ರಿ. ದಿನಾ ಎರಡು ರೊಟ್ಟಿ ಹೆಚ್ಚಿಗಿ ತಟ್ಟಿದೆ. ಆಕಿ ಉಂಡು, ದೇವ್ರು ಕೊಟ್ಟ, ಮಾಸ್ತರು ಹೇಳಿದ್ದು ಖರೇ ಆತು ಅಂತಿದ್ಲು. ತಟ್ಟಿದಾಕಿ ನಾನು, ಹೆಸರು ನಿಮಗ!”

“ನನ್ನ ಬೈಲಿಲ್ಲೇನು?”

“ಬೈಯೋ ಕೆಲಸ ನಾವು ಮಾಡಿದ್ವಿ ಬಿಡ್ರಿ. ಆಕಿ ಸಾಯೋತನಕ ನಿಮ್ಮ ಕಣ್ಣು ನೆಟ್ಟಗಾಗ್ಲಿ ಅಂತ ಪ್ರಾರ್ಥನಿ ಮಾಡಿದ್ಲು.”

ನನ್ನ ಕಣ್ಣಿಗೆ ಏನೂ ಆಗಿರಲಿಲ್ಲ, ಅವ್ವಾ.

ಕೆಲಸ ಬಿಟ್ಟುಬಿಡುತ್ತೇನೆ ಎಂದು ಬರೆದರೆ ಅದು ಇನ್ನೊಂದು ಸುಳ್ಳಾದೀತು. ಸರ್ಕಾರದ ಸಂಬಳ ನನಗೆ ಈಗಲೂ ಬೇಕು. ಆದರೆ ಬರುವ ಭಾನುವಾರ ಕರೂರಿಗೆ ಹೋಗುತ್ತೇನೆ. ಮರಿಯಮ್ಮನಿಗೆ ಹೇಳಿದ್ದಕ್ಕೆ, “ಬರ್ರಿ, ಆದ್ರ ಉಪದೇಶ ಮಾತ್ರ ಬ್ಯಾಡ್ರಿ” ಎಂದಳು. ಮಾಡುವುದಿಲ್ಲ. ಸಭೆಯ ಮುಂದೆ ನಿಂತು, ಹುಕುಂ ಯಾವ ದಿನ ಬಂತು, ಯಾವ ದಿನ ನಿನಗೆ ಏನೆಂದೆ, ಅಷ್ಟನ್ನೇ ಹೇಳುತ್ತೇನೆ. ಆಮೇಲೆ ಅವರು ಕೂರು ಎಂದರೆ ಎಲ್ಲರ ಹಿಂದೆ ನೆಲದ ಮೇಲೆ ಕೂರುತ್ತೇನೆ. ಹೊರಗೆ ಹೋಗು ಎಂದರೆ ಹೋಗುತ್ತೇನೆ, ಅವ್ವಾ.