ಎಡಗಾಲಿನ ನಾಡಿ

ವಾಲ್ಪರೈಸೊ
ಜೂನ್ ೯

ಮಗಳೇ ನೆಲ್ಡಾ,

ಚೆನ್ನಾಗಿದ್ದೀಯಾ ಎಂದು ಆಮೇಲೆ ಕೇಳುತ್ತೇನೆ. ಮೊದಲು ನನ್ನ ಸಿಟ್ಟನ್ನು ಓದಿಕೋ.

ಎದೆನೋವಿಗೆ ಮಾತ್ರೆ ಶುರುಮಾಡಿ ಎಂಟು ತಿಂಗಳಾಯಿತು. ಎದೆಯೇನೋ ಸುಮ್ಮನಾಯಿತು. ಆದರೆ ಮಾರ್ಚಿನಿಂದ ಎಡಗಾಲಿನ ಮೀನಖಂಡ ಹಿಡಿಯತೊಡಗಿತು. ಮಾರಲು ಮಾಡಿದ ಎಂಪನಾಡ ಕಡುಬಿನ ಬುಟ್ಟಿ ಹೊತ್ತು ನಮ್ಮ ಗುಡ್ಡದ ನಲವತ್ತು ಮೆಟ್ಟಿಲು ಹತ್ತುವಷ್ಟರಲ್ಲಿ ಯಾರೋ ಹಗ್ಗ ಬಿಗಿದಂತೆ. ನಿಂತರೆ ಬಿಡುತ್ತದೆ, ಹೊರಟರೆ ಮತ್ತೆ ಹಿಡಿಯುತ್ತದೆ. ಚಿಕಿತ್ಸಾಲಯದ ಡಾಕ್ಟರಿಗೆ ಹೇಳಿದೆ. ಆತ ಕಂಪ್ಯೂಟರಿನಿಂದ ಕಣ್ಣು ಕೀಳದೆ, "ಅರವತ್ತೆಂಟಕ್ಕೆ ಇನ್ನೇನಾಗುತ್ತೆ ಅಜ್ಜಿ? ವಯಸ್ಸು ಕಣ್ರೀ" ಎಂದ. ಬಲಗಾಲಿಗೂ ಅಷ್ಟೇ ವಯಸ್ಸಲ್ಲವೇ ಎಂದೆ. ನಕ್ಕ.

ನೀನೂ ಫೋನಿನಲ್ಲಿ, "ಅಮ್ಮಾ, ಕೂತೂ ಕೂತೂ ಹಂಗಾಗಿದೆ, ಸ್ವಲ್ಪ ನಡಿ" ಎಂದೆ. ಐವತ್ತು ವರ್ಷ ಈ ಮೆಟ್ಟಿಲು ಹತ್ತಿದವಳಿಗೆ ನಡಿಗೆ ಕಲಿಸಿದೆ.

ಯಾರೂ ಕಿವಿಗೊಡದಿದ್ದಾಗ ನಾನೇ ತೀರ್ಮಾನಿಸಿದೆ, ಎದೆಯ ಮಾತ್ರೆಯೇ ಕಾಲನ್ನು ಕೆಡಿಸಿದೆ ಎಂದು. ನಿಲ್ಲಿಸಿಬಿಟ್ಟೆ. ಹೌದು, ನಿನಗೆ ಹೇಳಲಿಲ್ಲ. ಹನ್ನೊಂದನೆಯ ದಿನ ಮೆಟ್ಟಿಲ ಮೇಲೆ ಎದೆ ಹಿಂಡಿತು. ಮೀನು ಮಾರುವ ನೊಲ್ಬೆರ್ತೊ ನನ್ನನ್ನು ಕುರ್ಚಿಯಲ್ಲಿ ಕೂರಿಸಿ, ಇನ್ನೊಬ್ಬನ ಜೊತೆ ಹೊತ್ತು ಕೆಳಗಿಳಿಸಿದ. "ದೊನ್ಯಾ ಎರ್ಸಿಲಿಯಾ, ಆ ಬುಟ್ಟಿ ಬಿಡಿ, ಕುರ್ಚಿ ಹಿಡ್ಕೊಳ್ಳಿ" ಎಂದು ದಾರಿಯುದ್ದಕ್ಕೂ ಗದರಿದ.

ಆಸ್ಪತ್ರೆಯಲ್ಲಿ ನರ್ಸ್ ರೊಸೌರಾ ಕಾಲುಚೀಲ ಕಳಚಿ ಪಾದದ ಮೇಲೆ ಎರಡು ಬೆರಳಿಟ್ಟಳು. ಬಲಗಾಲು, ಎಡಗಾಲು, ಮತ್ತೆ ಎಡಗಾಲು. "ಇಲ್ಲಿ ನಾಡಿನೇ ಸಿಗ್ತಿಲ್ಲ. ಇಷ್ಟು ದಿನ ಯಾರೂ ಮುಟ್ಟಿ ನೋಡ್ಲಿಲ್ವಾ?" ಎಂದಳು. ಹೃದಯಕ್ಕೆ ಬಂದ ಕಾಯಿಲೆಯೇ ಕಾಲಿಗೂ ಬಂದಿದೆಯಂತೆ, ರಕ್ತನಾಳ ಕಿರಿದಾಗಿದೆಯಂತೆ. ಮಾತ್ರೆಯ ತಪ್ಪಲ್ಲ, ಬಿಟ್ಟದ್ದು ನನ್ನ ತಪ್ಪು. ಅದಕ್ಕೆ ಬೈಸಿಕೊಂಡೆ. ಆದರೆ ಎರಡು ಬೆರಳು, ನೆಲ್ಡಾ. ಮೂರು ತಿಂಗಳಲ್ಲಿ ಎರಡು ಬೆರಳಿಡಲು ಒಬ್ಬರಿಗೂ ಪುರುಸೊತ್ತಿರಲಿಲ್ಲ.

ನಿನ್ನೆ ಆಸ್ಪತ್ರೆಯಿಂದ ಬಿಟ್ಟೊಡನೆ ನೇರ ಚಿಕಿತ್ಸಾಲಯಕ್ಕೆ ಹೋಗಿ, ಆ ಡಾಕ್ಟರ ಎದುರು ಕೂತು, ಬರಿಗಾಲನ್ನು ಅವನ ಮೇಜಿನ ಮೇಲಿಟ್ಟೆ. "ಎಲ್ಲಿದೆಯಪ್ಪಾ ವಯಸ್ಸು, ಹುಡುಕಿ ತೋರ್ಸು" ಎಂದೆ. ಆತ ಬಹಳ ಹೊತ್ತು ನಾಡಿ ಹುಡುಕಿದ. ಮುಖ ಕೆಂಪಾಯಿತು. "ತಪ್ಪಾಯ್ತು" ಎಂದ, ಮೆಲ್ಲಗೆ. ನನ್ನ ಸಿಟ್ಟು ಇಳಿಯಲಿಲ್ಲ.

ಮಾತ್ರೆ ಮತ್ತೆ ನುಂಗುತ್ತಿದ್ದೇನೆ. ಬುಧವಾರ ಕಾಲಿನ ರಕ್ತನಾಳ ಅಗಲ ಮಾಡುತ್ತಾರೆ. ಈಗ ಕೇಳುತ್ತೇನೆ, ನೀನು ಚೆನ್ನಾಗಿದ್ದೀಯಾ?

ಕೂತು ಕೆಟ್ಟವಳಲ್ಲದ ನಿನ್ನ ಅಮ್ಮ,
ಎರ್ಸಿಲಿಯಾ

ಬಿಟ್ಟುಹೋದ ಮಾತು: ಸಿಗರೇಟು ಸೇದುತ್ತೀರಾ ಎಂದು ಆ ಡಾಕ್ಟರು ಮೊದಲ ದಿನವೇ ಕೇಳಿದ್ದ. ಗಂಡ ತೀರಿಕೊಂಡ ದಿನವೇ ಬಿಟ್ಟೆ ಎಂದಿದ್ದೆ. ನಿನಗೂ ಹಾಗೇ ಹೇಳುತ್ತ ಬಂದಿದ್ದೇನೆ. ದಿನಕ್ಕೆ ಏಳು ಸೇದುತ್ತೇನೆ. ನಾಳ ಕಿರಿದಾಗಲು ಅದೂ ಕಾರಣವಂತೆ. ರೊಸೌರಾ ಒಬ್ಬಳಿಗೇ ನಿಜ ಹೇಳಿದ್ದು. ಅವಳ ಕೈ ಇನ್ನೂ ನನ್ನ ಪಾದದ ಮೇಲಿತ್ತು.