ಗಂಟಿಲ್ಲದ ಬೇರು

ಗುಡವಿ
೨೪ ಜೂನ್ ೨೦೨೫

ಉಡುತಡಿಯ ತೀರ್ಥೇಶ್ ಅವರಿಗೆ ಅವರ ಹೆಂಡತಿ ರೋಜಾ ಮಾಡುವ ನಮಸ್ಕಾರಗಳು.

ತವರಿಗೆ ಬಂದು ನಲವತ್ತೈದು ದಿನವಾಯಿತು. ನಿಮ್ಮ ಜೊತೆ ಮಾತಾಡುವುದಿಲ್ಲವೆಂದು ಅವ್ವನ ಮುಂದೆ ಆಣೆ ಮಾಡಿದ್ದೇನೆ. ಫೋನು ಮಾಡಿದರೆ ಆಣೆ ಮುರಿಯುತ್ತದೆ. ಬರೆಯುವುದಿಲ್ಲವೆಂದು ಹೇಳಿರಲಿಲ್ಲ.

ಹೋದ ವರ್ಷ ಬೇರುಗಂಟು ಹುಳು ಬಿದ್ದು ಮೆಣಸಿನ ಸಸಿಯೆಲ್ಲ ಸೊರಗಿದಾಗ, ಕಿತ್ತ ಬೇರು ಹಿಡಿದುಕೊಂಡು ಇಬ್ಬರೂ ಪಾತಿಯ ಬದಿಯಲ್ಲೇ ಕೂತಿದ್ದೆವು. ಅದಕ್ಕೇ ಈ ಸಲ ನಾನು ತರಬೇತಿಗೆ ಹೋಗಿ, ಬೇರು ಕಾಯುವ ಬ್ಯಾಕ್ಟೀರಿಯಾದ ಪುಡಿ ತಂದು, ಗೊಬ್ಬರಕ್ಕೆ ಬೆರೆಸಿ ಒದ್ದೆ ಗೋಣಿ ಮುಚ್ಚಿಟ್ಟೆ. ನೀವು ಚನ್ನೇಶಣ್ಣನ ಹೋಟೆಲಿನಲ್ಲಿ, "ಕುರಿ ಬಿಟ್ಟು ಕ್ರಿಮಿ ಸಾಕ್ತಾಳೆ ನಮ್ಮನೆಯಾಕಿ" ಎಂದಿರಿ. ಊರು ನಕ್ಕಿತು, ನಾನೂ ನಕ್ಕೆ. ಹತ್ತನೆಯ ದಿನ ಗೋಣಿ ಎತ್ತಿ ನೋಡಿ, "ಬೂಷ್ಟು ಹಿಡಿದಿತ್ತು ರೋಜಾ, ಒಂದು ಬಾಟ್ಲಿ ಫಿನಾಯಿಲ್ ಸುರುವಿ ಸ್ವಚ್ಛ ಮಾಡೀನಿ" ಎಂದು ಮೆಚ್ಚುಗೆಗೆ ಕಾಯುತ್ತಾ ನಿಂತಿರಲ್ಲ, ಆಗ ಮಾತ್ರ ನಗು ಬರಲಿಲ್ಲ. ಮಧ್ಯಾಹ್ನದ ಬಸ್ಸು ಹತ್ತಿದೆ.

ಆಮೇಲಿನದ್ದನ್ನೆಲ್ಲ ನಿಮ್ಮ ತಂಗಿ ನಯನ ಫೋನಿನಲ್ಲಿ ಹೇಳುತ್ತಿದ್ದಳು. ನೀವೇ ಶಿರಾಳಕೊಪ್ಪಕ್ಕೆ ಹೋಗಿ ಹೊಸ ಪುಡಿ ತಂದಿರಂತೆ. ಮದುವೆಯ ಶಲ್ಯವನ್ನೇ ಒದ್ದೆ ಮಾಡಿ ಗೊಬ್ಬರಕ್ಕೆ ಹೊದಿಸಿದಿರಂತೆ. ಅತ್ತೆ ಪಾತ್ರೆ ತೊಳೆದ ನೀರು ಆ ಕಡೆ ಚೆಲ್ಲಲು ಹೋದರೆ, "ಸೋಪಿನ ನೀರು ಬ್ಯಾಡವ್ವಾ, ಒಳಗೆ ಜೀವ ಅದಾವು" ಎಂದು ಅಡ್ಡ ನಿಂತಿರಂತೆ. ಆಮೇಲೆ ಆ ಗೊಬ್ಬರವನ್ನೇ ಮೆಣಸಿನ ಸಸಿಯ ಪಾತಿಗೆ ಹಾಕಿದಿರಂತೆ. ನಾನು ನಂಬಲಿಲ್ಲ.

ನಿನ್ನೆ ನಯನಳೇ ಬಂದು ಒದ್ದೆ ಬಟ್ಟೆಯ ಗಂಟೊಂದನ್ನು ಕೈಗಿಟ್ಟಳು. ಒಳಗೆ ಚೀಟಿಯಿಲ್ಲ, ಒಂದೇ ಒಂದು ಮೆಣಸಿನ ಸಸಿ. ಬೇರು ಚೆನ್ನಾಗಿ ತೊಳೆದು ಕಳಿಸಿದ್ದಿರಿ. ಬೆಳಕಿಗೆ ಹಿಡಿದು ತಿರುಗಿಸಿ ನೋಡಿದೆ. ಬೆಳ್ಳನೆಯ ಬೇರು, ಎಲ್ಲೂ ಗಂಟಿಲ್ಲ. ಅವ್ವ, "ಗಂಡ ಸೀರೆ ಕಳ್ಸಿದ್ರೂ ಹಿಂಗೆ ಅಳ್ತಿರ್ಲಿಲ್ಲ ನೀನು" ಅಂದಳು. ನಾನು ಅತ್ತಿಲ್ಲ. ಬೇರಿನ ಮಣ್ಣು ಕಣ್ಣಿಗೆ ಬಿದ್ದಿತ್ತು.

ನಾಟಿಗೆ ಮುಂಚೆ ಸಸಿಗಳ ಬೇರನ್ನು ಅದೇ ಪುಡಿ ಕಲಸಿದ ನೀರಿನಲ್ಲಿ ಅರ್ಧ ಗಂಟೆ ಅದ್ದಿಡಬೇಕು. ನಿಮ್ಮ ಅರ್ಧ ಗಂಟೆಯೆಂದರೆ ಐದು ನಿಮಿಷ. ಹಾಗಾಗಿ ಶುಕ್ರವಾರ ನಾನೇ ಬರುತ್ತೇನೆ. ಸಸಿಗೋಸ್ಕರ, ಬೇರೆ ಯಾವುದಕ್ಕೂ ಅಲ್ಲ.

ಇನ್ನೂ ಸಿಟ್ಟಿನಲ್ಲೇ ಇರುವ
ರೋಜಾ

ಮರೆತ ಮಾತು: ನೀವು ಫಿನಾಯಿಲ್ ಸುರಿಯುವ ಹೊತ್ತಿಗೆ ನನ್ನ ಬ್ಯಾಕ್ಟೀರಿಯಾ ಬದುಕಿರಲಿಕ್ಕಿಲ್ಲ. ಗೊಬ್ಬರಕ್ಕೆ ಬೆರೆಸುವ ಮೊದಲು ಆ ಪುಡಿಯ ಪ್ಯಾಕೆಟ್ಟನ್ನು ಹದಿನೈದು ದಿನ ತಗಡಿನ ಮೇಲೆ, ಹಪ್ಪಳದ ಪಕ್ಕ, ಬಿಸಿಲಿಗೆ ಇಟ್ಟಿದ್ದೆ. ನೆರಳಿನಲ್ಲಿಡಬೇಕೆಂದು ಅದರ ಮೇಲೇ ಬರೆದಿತ್ತು. ಖಾಲಿ ಪ್ಯಾಕೆಟ್ಟು ನನ್ನ ಚೀಲದಲ್ಲೇ ಬಂದಿತ್ತು, ಓದಿದ್ದು ಇಲ್ಲಿಗೆ ಬಂದ ಮೊದಲ ದಿನ. ಹೇಳಲು ಇಷ್ಟು ದಿನ ಹಿಡಿಯಿತು. ಇದೊಂದನ್ನು ಮಾತ್ರ ಅತ್ತೆಗೆ ಓದಿ ಹೇಳಬೇಡಿ.